ಒಂದು ಸೈಕಲ್ ಚೀಟಿಗೆ ವ್ಯಾಖ್ಯಾನ

ಹಟ್ಟಿಯ ಮೂಲೆಯಲ್ಲಿ ವರ್ಷಗಟ್ಟಲೆ ಒರಗಿಕೊಂಡಿದ್ದ ಉಕ್ಕಿನ ಸೈಕಲ್ಲನ್ನು ದಿನಾ ಕೆಲಸಕ್ಕೆ ಓಡಿಸಬೇಕೆಂದು ಹೊರಟವರಿಗೆ ಬಂಟ್ವಾಳದ ಬಿ.ಸಿ.ರೋಡಿನ ಕಡೆಯ ಹಳೆ ಸೈಕಲ್ ಅಂಗಡಿಯಲ್ಲಿ ಕೈಗೆ ಬರುವುದು ಇಷ್ಟೇ ಇಷ್ಟು ಚೀಟಿ. ಬರೆದವರದು ಮಾತು ಕಡಿಮೆ. ಹಾಗಾಗಿ ವ್ಯಾಖ್ಯಾನದ ಕೆಲಸ ನನ್ನದು.

“ರ್‍ಯಾಲಿ, 24, ಗಂಡಸರದ್ದು.”

24 ಎಂದರೆ ಚಕ್ರದ ಅಳತೆಯಲ್ಲ, ಫ್ರೇಮಿನ ಎತ್ತರ, ಇಂಚಿನಲ್ಲಿ. ಗಿಡ್ಡ ಕಾಲಿನವರು ಇಲ್ಲೇ ಯೋಚಿಸಿಕೊಳ್ಳಬೇಕು, 22 ಇಂಚಿನದೂ ಸಿಗುತ್ತದೆ. ‘ರ್‍ಯಾಲಿ’ ಎಂಬಷ್ಟಕ್ಕೇ ಊರು ತಿಳಿಯುವುದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಿಂದ ಬಂದದ್ದಿರಬಹುದು, ಬಂಗಾಳದ ಅಸನ್ಸೋಲಿನಲ್ಲಿ ಸೆನ್-ರ್‍ಯಾಲಿ ಕಂಪನಿ ಮಾಡಿದ್ದಿರಬಹುದು. ಸ್ವಾತಂತ್ರ್ಯದ ಬೆನ್ನಿಗೇ ಇಲ್ಲಿನ ಕಾರ್ಖಾನೆಗಳು ಎದ್ದವು: ಮದರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ. ನಮ್ಮ ಅಜ್ಜಂದಿರ ಹರ್ಕ್ಯುಲಿಸ್, ಅಟ್ಲಾಸ್‌ಗಳು ಹೆಚ್ಚಿನವು ಆಮೇಲಿನವು. ಈ ಜಾತಕ ಯಾಕೆ ಬೇಕೆಂದರೆ, ನಾಟಿಂಗ್‌ಹ್ಯಾಮ್‌ನ ರ್‍ಯಾಲಿಯ ಪೆಡಲ್ ಗೂಡಿನಲ್ಲಿ ಇಂಚಿಗೆ 26 ಮರೆ (ತಿರುಪಿನ ಸುತ್ತು), ಮಿಕ್ಕ ಸೈಕಲ್ಲುಗಳಲ್ಲಿ 24. ಅಂಗಡಿಯ ಡಬ್ಬಿಯಲ್ಲಿರುವ, ಬಾಲ್ಸ್ ಕೂರುವ ಕಪ್ಪು ಎರಡು ಸುತ್ತು ಹೋಗಿ ನಿಂತರೆ ಒತ್ತಾಯ ಮಾಡಬಾರದು. ಮರೆ ಹೋಯಿತೆಂದರೆ ಫ್ರೇಮೇ ಹೋದ ಹಾಗೆ. ಹಳೆಯ ಕಪ್ಪು ಸವೆದಿದ್ದರೂ ಅದನ್ನೇ ಉಳಿಸಿಕೊಳ್ಳುವುದು ಜಾಣತನ.

“ಫ್ರೇಮ್ ಆಗಬಹುದು. ಫೋರ್ಕ್ ನೋಡಿದೆ.”

ನೋಡಿದ್ದು ಕಣ್ಣಿಗಿಂತ ಹೆಚ್ಚಾಗಿ ಬೆರಳು. ಹ್ಯಾಂಡಲ್ ಕೊಳವೆಯ ಹಿಂದೆ, ಕೆಳಗಿನ ಓರೆ ಪೈಪಿನ ಅಡಿಯಲ್ಲಿ ಬೆರಳಾಡಿಸುತ್ತಾರೆ. ಸುಕ್ಕು ತಾಗಿದರೆ ಎಂದೋ ಎದುರಿನಿಂದ ಗುದ್ದಿದೆ ಎಂದರ್ಥ. ಹೊರಗಿನ ತುಕ್ಕಿಗೆ ಅವರು ಹೆದರುವುದಿಲ್ಲ, ಒಳಗಿನದಕ್ಕೆ ಹೆದರುತ್ತಾರೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಸೀಟಿನ ಕಂಬದ ಸಂದಿನಿಂದ ಇಳಿದ ನೀರು ಪೆಡಲ್ ಗೂಡಿನಲ್ಲಿ ನಿಂತು ಒಳಗಿಂದೊಳಗೆ ತಿನ್ನುತ್ತದೆ. ಸೀಟಿನ ಕಂಬ ಹಿಡಿದುಕೊಂಡಿದ್ದರೆ ಸೀಮೆಎಣ್ಣೆಯನ್ನೋ ಡೀಸಿಲನ್ನೋ ಬಿಟ್ಟು ಎರಡು ದಿನ ಕಾಯುವುದು. ಮೊದಲ ದಿನವೇ ಸುತ್ತಿಗೆ ಎತ್ತುವವರಿಗೆ ಹಳೆಯ ಸೈಕಲ್ ಕೊಡಬಾರದು.

“ರಾಡ್ ಬ್ರೇಕ್ ಇರಲಿ. ರಬ್ಬರ್ 4. ರಿಮ್ಮಿನ ಏರು ತೆಗೆಯಬೇಕು.”

ಚೀಟಿಯಲ್ಲಿ ಪ್ರಾಣ ಕಾಯುವ ಸಾಲು ಇದೊಂದೇ. ವೈರಿನ ಬದಲು ಕಡ್ಡಿಗಳಿಂದ ಎಳೆಯುವ ಈ ಬ್ರೇಕಿನ ರಬ್ಬರುಗಳು ರಿಮ್ಮಿನ ಪಕ್ಕಕ್ಕೆ ಒತ್ತುವುದಿಲ್ಲ, ಒಳಮೈಗೆ ಒತ್ತುತ್ತವೆ. ಆದ್ದರಿಂದ ಚಕ್ರ ಎಡಬಲಕ್ಕೆ ಸ್ವಲ್ಪ ಓಲಾಡಿದರೂ ನಡೆದೀತು. ಮೇಲೆ ಕೆಳಗೆ ಕುಣಿದರೆ ಮಾತ್ರ ರಬ್ಬರು ಒಂದು ಕಡೆ ತಾಗಿ ಇನ್ನೊಂದು ಕಡೆ ತಪ್ಪುತ್ತದೆ. ಹೊಂಡಕ್ಕೆ ಬಿದ್ದ ಹಳೆಯ ರಿಮ್ಮುಗಳು ಕುಣಿಯುವುದೇ ಹಾಗೆ. ‘ಏರು ತೆಗೆಯುವುದು’ ಎಂದರೆ ಮುಂದಿನ ಚಕ್ರದ 32, ಹಿಂದಿನ ಚಕ್ರದ 40 ಕಡ್ಡಿಗಳಲ್ಲಿ ಬೇಕಾದ್ದನ್ನು ಬಿಗಿದು, ಬೇಡದ್ದನ್ನು ಸಡಿಲಿಸುವುದು.

ಈಗ ಮಳೆಗಾಲದ ಮಾತು. ಕ್ರೋಮಿಯಂ ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿದ ಮೊದಲ ಒಂದೆರಡು ಸುತ್ತಿನಲ್ಲಿ ರಬ್ಬರು ನೀರು ಒರೆಸುತ್ತದೆಯೇ ಹೊರತು ಸೈಕಲ್ ನಿಲ್ಲಿಸುವುದಿಲ್ಲ. ಮೂಡುಬಿದಿರೆಯಿಂದ ಸಿದ್ದಕಟ್ಟೆ ದಾಟಿ ಬಂಟ್ವಾಳಕ್ಕೆ ಬರುವ ದಾರಿಯ ಇಳಿಜಾರುಗಳಲ್ಲಿ, ಎದುರಿಗೆ ಎಕ್ಸ್‌ಪ್ರೆಸ್ ಬಸ್ಸು ಬರುವಾಗ, ಆ ಎರಡು ಸುತ್ತು ಸಣ್ಣದಲ್ಲ. ಇಳಿತ ಶುರುವಾಗುವ ಮೊದಲೇ ಬ್ರೇಕನ್ನು ಮೆಲ್ಲಗೆ ತಾಗಿಸಿ ರಿಮ್ಮು ಒರೆಸಿಕೊಳ್ಳುವುದು ಹಳಬರ ರೂಢಿ. ಅದು ಒಗ್ಗದವರು ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕಿನ ಹಬ್ ಕಟ್ಟಿಸಬಹುದು. ‘ಅಸಲಿತನ ಹೋಯಿತು’ ಎಂದು ಮೂಗು ಮುರಿಯುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಅವರು ಜುಲೈಯಲ್ಲಿ ಈ ದಾರಿಯಲ್ಲಿ ಸೈಕಲ್ ತುಳಿಯುವವರಲ್ಲ.

“ಬಿಬಿ ಓವರಾಯಿಲಿಂಗ್. ಬಾಲ್ಸ್ 22. ಕಾಟರ್ ಪಿನ್ 2.”

ಪೆಡಲ್ ಗೂಡು ಬಿಚ್ಚಿ, ತೊಳೆದು, ಹೊಸ ಗ್ರೀಸಿನಲ್ಲಿ ಕಾಲಿಂಚಿನ ಬಾಲ್ಸುಗಳನ್ನು ಒಂದು ಕಡೆಗೆ 11ರಂತೆ ಕೂರಿಸುವುದು. ಹಳೆಯ ಬಾಲ್ಸನ್ನು ತೊಳೆದು ಮತ್ತೆ ಹಾಕುವ ಲೋಭ ಬೇಡ. ಮನೆಯಲ್ಲೇ ಬಿಚ್ಚುವವರಿಗೆ ಒಂದು ಎಚ್ಚರಿಕೆ: ಚೈನಿನ ಕಡೆಯ ಕಪ್ಪಿಗೂ ಎಡ ಪೆಡಲಿಗೂ ಉಲ್ಟಾ ಮರೆ. ಬಿಚ್ಚುತ್ತಿದ್ದೇನೆಂದು ತಿಳಿದು ಇನ್ನೂ ಬಿಗಿ ಮಾಡಿದವರು ಊರು ತುಂಬ ಇದ್ದಾರೆ.

ಕಾಟರ್ ಪಿನ್ ಎಂದರೆ ಕ್ರ್ಯಾಂಕನ್ನು ಆಕ್ಸಿಲಿಗೆ ಹಿಡಿದಿಡುವ ಬೆಣೆ. ಅದರ ಚಪ್ಪಟೆ ಮುಖವನ್ನು ಅರದಿಂದ ಉಜ್ಜಿ ಹೊಂದಿಸಬೇಕು, ಎರಡು ಪಿನ್ನುಗಳನ್ನೂ ಒಂದಕ್ಕೊಂದು ತಿರುಗುಮುರುಗಾಗಿ ಹಾಕಬೇಕು. ಇಲ್ಲದಿದ್ದರೆ ಎರಡು ಪೆಡಲುಗಳು ನೇರಕ್ಕೆ ಬರುವುದಿಲ್ಲ. ಹೊಡೆಯುವಾಗ ಕ್ರ್ಯಾಂಕಿನ ಅಡಿಗೆ ಗಟ್ಟಿ ಆಸರೆ ಕೊಡದಿದ್ದರೆ ಏಟೆಲ್ಲ ಹೊಸ ಬಾಲ್ಸಿನ ಮೇಲೆ.

“ಫ್ರೀವೀಲ್ 18 ತೆಗೆದು 22. ಚೈನ್ ಹೊಸತು.”

ಇದು ಬಯಲುಸೀಮೆಯವರಿಗೆ ಬೇಡದ ಸಾಲು. ಮುಂದೆ 44 ಹಲ್ಲು, ಹಿಂದೆ 18 ಇದ್ದಾಗ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಐದೂವರೆ ಮೀಟರ್ ಹೋಗುತ್ತದೆ. 22 ಹಾಕಿದರೆ ನಾಲ್ಕೂವರೆ. ಓಟ ಕಡಿಮೆಯಾಯಿತು, ನಿಜ. ಆದರೆ ಗುರುವಾಯನಕೆರೆಯಿಂದ ವೇಣೂರಿನ ಕಡೆಗೆ, ಉಜಿರೆಯ ಕಡೆಗೆ, ಎಲ್ಲಿಗೆ ಹೋದರೂ ಗುಡ್ಡ ಹತ್ತಿ ಇಳಿಯುವ ನಾಡಿನಲ್ಲಿ ಆಫೀಸಿಗೆ ಬೆವತು ತಲಪುವುದೋ ಬೇಡವೋ ಎಂಬುದು ಈ ನಾಲ್ಕು ಹಲ್ಲಿನಲ್ಲಿದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು. ತೆಂಗಿನೆಣ್ಣೆ ಮಾತ್ರ ಬಿಡಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಘಟ್ಟದ ಬುಡದ ಬೆಳ್ತಂಗಡಿಯ ಡಿಸೆಂಬರ್ ಬೆಳಗಿಗೆ ಅಷ್ಟು ಚಳಿ ಧಾರಾಳ.

“ಟಯರ್ 28×1½. ಡೈನಮೊ ಬೇಡ.”

ಟಯರಿನ ಪಕ್ಕೆಯಲ್ಲಿ 40-635 ಎಂದು ಓದಿ ತೆಗೆದುಕೊಳ್ಳಿ. 28 ಎಂದು ಹೆಸರಿಟ್ಟುಕೊಂಡ ಇನ್ನೊಂದು ಜಾತಿ 622 ಮಿಲಿಮೀಟರಿನದು, ಈ ರಿಮ್ಮಿಗೆ ಹತ್ತುವುದೇ ಇಲ್ಲ. ಡೈನಮೊ ನೋಡಲು ಚಂದ, ಒದ್ದೆ ಟಯರಿನ ಮೇಲೆ ಜಾರುತ್ತದೆ. ನಿಂತರೆ ದೀಪವೂ ನಿಲ್ಲುತ್ತದೆ. ಹಿಂದೆ ಕೆಂಪು, ಮುಂದೆ ಬಿಳಿ ಬ್ಯಾಟರಿ ದೀಪ ಸಾಕು.

“ಪೈಂಟ್” (ಬರೆದು ಗೀಟು ಹಾಕಿದ್ದು)

ಇದು ಗಿರಾಕಿ ಕೇಳಿದ್ದು, ಅಂಗಡಿಯವರು ಹೊಡೆದುಹಾಕಿದ್ದು. ಧರ್ಮಸ್ಥಳದ ಕಾರು ಮ್ಯೂಸಿಯಂನಲ್ಲಿ ಹಳೆಯ ಮೋಟಾರುಗಳು ಮಿರಮಿರ ಮಿಂಚುತ್ತಾ ನಿಂತಿವೆ. ಅವಕ್ಕೆ ಅದು ಒಪ್ಪುತ್ತದೆ, ಎಲ್ಲಿಗೂ ಹೋಗಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಗೆ ಒರಗಿಸಿ ಬೀಗ ಹಾಕುವ ಸೈಕಲ್ಲಿಗೆ ಹೊಸ ಬಣ್ಣ ಒಂದು ತಿಂಗಳು ಬಾಳೀತು, ಕಳ್ಳರ ಕಣ್ಣಿಗೆ ಬೀಳುವುದು ಮೊದಲ ದಿನವೇ. ಬರಿಗಬ್ಬಿಣ ಕಾಣುವಲ್ಲಿ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದು, ಮೇಲೆ ಕಪ್ಪು ಮುಟ್ಟಿಸಿ. ಹಳೆಯ ಚಿನ್ನದ ಗೆರೆ ಉಳಿದಷ್ಟು ಉಳಿಯಲಿ. ಬಣ್ಣದ ದುಡ್ಡಿನಲ್ಲಿ ಒಳ್ಳೆಯ ಟಯರು ಬರುತ್ತದೆ.

“ಹದಿನೈದು ದಿನ ಬಿಟ್ಟು ತನ್ನಿ.”

ಹಣಕ್ಕಾಗಿ ಬರೆದದ್ದಲ್ಲ. ಹೊಸ ಕಾಟರ್ ಪಿನ್ ತುಳಿತಕ್ಕೆ ಸಿಕ್ಕಿ ಇನ್ನಷ್ಟು ಒಳಗೆ ಕೂರುತ್ತದೆ, ಆಗ ನಟ್ಟು ಸಡಿಲ. ಹಾಗೇ ಓಡಿಸಿದರೆ ಪಿನ್ನಿನ ಮುಖ ಜಜ್ಜಿ, ಪ್ರತಿ ಸುತ್ತಿಗೂ ‘ಟಕ್’ ಎನ್ನತೊಡಗುತ್ತದೆ. ಕೊನೆಗೆ ಸವೆಯುವುದು ಅಗ್ಗದ ಪಿನ್ನಲ್ಲ, ಆಕ್ಸಿಲ್. ಬಿಗಿದ ಕಡ್ಡಿಗಳೂ ಈ ಹೊತ್ತಿಗೆ ಒಂದೆರಡು ಸಡಿಲಾಗಿರುತ್ತವೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಸೈಕಲ್ ಚೆನ್ನಾಗಿಯೇ ಓಡುತ್ತಿದೆ ಎಂದು ಆ ದಿನ ತಪ್ಪಿಸಿದವರು ಆಷಾಢದೊಳಗೆ ಪೆಡಲ್ ಕೈಯಲ್ಲಿ ಹಿಡಿದುಕೊಂಡು ಅದೇ ಅಂಗಡಿಗೆ ಬರುತ್ತಾರೆ.