ಒಂದೇ ನಾಬಿನ ಪೆಟ್ಟಿಗೆ ಮತ್ತು ನಾದದ ಹುಡುಕಾಟ

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ನಡುವೆ ಎಂದೂ ಮುಗಿಯದ ಜಗಳವೊಂದಿದೆ. ಒಳ್ಳೆಯ ‘ಟೋನ್’ ಬೇಕೆಂದರೆ ಆಂಪ್ಲಿಫೈಯರ್ ಸರಳವಾಗಿರಬೇಕೋ, ಸಕಲ ಸೌಲಭ್ಯಗಳಿಂದ ತುಂಬಿರಬೇಕೋ? ಟೋನ್ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದ ಹೊಂದುವುದಿಲ್ಲ. ನಾದ ಎನ್ನಬಹುದು, ಧ್ವನಿಯ ಬಣ್ಣ ಎನ್ನಬಹುದು. ತಂಬೂರಿಯ ತಂತಿಯಡಿ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸುತ್ತ ಜವಾರಿ ಹದಗೊಳಿಸುವವರು ಹುಡುಕುವುದೂ ಇದನ್ನೇ. ಸ್ವರ ಅದೇ ಇರುತ್ತದೆ, ಅದರೊಳಗಿನ ಅನುರಣನ ಬದಲಾಗುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಈ ಕೆಲಸದ ದೊಡ್ಡ ಪಾಲು ಆಂಪ್ಲಿಫೈಯರಿನದು. ಹಾಗಾಗಿ ಅದನ್ನು ಧ್ವನಿ ಹೆಚ್ಚಿಸುವ ಉಪಕರಣ ಎನ್ನುವುದಕ್ಕಿಂತ ವಾದ್ಯದ ಅರ್ಧ ಭಾಗ ಎನ್ನುವುದೇ ಸರಿ.

ಸರಳತೆಯ ಪಕ್ಷದವರು ಮೊದಲು ಹೆಸರಿಸುವುದು ಅಮೆರಿಕದ ಫೆಂಡರ್ ಚಾಂಪ್ ಅನ್ನು. 1950ರ ದಶಕದ ಕೊನೆಯ ಮಾದರಿಯಲ್ಲಿ ಒಂದೇ ಪವರ್ ವಾಲ್ವ್, ಸುಮಾರು 5 ವಾಟ್ ಶಕ್ತಿ, 8 ಇಂಚಿನ ಸ್ಪೀಕರ್, ಧ್ವನಿ ಏರಿಸಲು ಇಳಿಸಲು ಒಂದೇ ನಾಬ್. ಬೇಸ್, ಟ್ರೆಬಲ್ ಯಾವುದೂ ಇಲ್ಲ. ಇದನ್ನು ತತ್ತ್ವಜ್ಞಾನವೆಂದು ಓದುವವರಿದ್ದಾರೆ. ಆದರೆ ರೇಡಿಯೋ ರಿಪೇರಿ ಅಂಗಡಿಯಿಂದ ಬಂದ, ಸ್ವತಃ ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರ್ ಇದನ್ನು ಮಾಡಿದ್ದು ಕಲಿಯುವ ಮಕ್ಕಳಿಗಾಗಿ, ಕಡಿಮೆ ಬೆಲೆಗೆ. ಅಲ್ಲಿನ ಸರಳತೆ ಮಿತವ್ಯಯದ್ದು.

ಆದರೂ ಆ ಪೆಟ್ಟಿಗೆಯಲ್ಲಿ ಒಂದು ವಿಶೇಷವಿದೆ. ನಾಬನ್ನು ಅರ್ಧ ದಾಟಿಸಿದರೆ ವಾಲ್ವ್ ತನ್ನ ಮಿತಿ ಮುಟ್ಟಿ, ಅಲೆಯ ತುದಿಗಳನ್ನು ಮೆತ್ತಗೆ ಒತ್ತತೊಡಗುತ್ತದೆ. ಆಗ ನುಡಿಸಿದ ಸ್ವರದ ಜೊತೆ ಅದರ ಮೇಲಿನ ಷಡ್ಜ, ಅದಕ್ಕೂ ಮೇಲಿನ ಪಂಚಮದಂಥ ಉಪಸ್ವರಗಳು ಗಟ್ಟಿಯಾಗುತ್ತವೆ. ತಂತಿಯನ್ನು ಹಗುರವಾಗಿ ಮೀಟಿದರೆ ಧ್ವನಿ ತಿಳಿಯಾಗುತ್ತದೆ, ಬಿರುಸಾಗಿ ಮೀಟಿದರೆ ಒಡೆಯುತ್ತದೆ. ಪೆಟ್ಟಿಗೆಯ ಮೇಲೆ ಇಲ್ಲದ ನಾಬುಗಳೆಲ್ಲ ಬೆರಳಿಗೆ ಬಂದು ಸೇರಿರುತ್ತವೆ.

1970ರಲ್ಲಿ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ‘ಲೈಲಾ’ ಆಲ್ಬಮ್ ಧ್ವನಿಮುದ್ರಣವಾದಾಗ ಎರಿಕ್ ಕ್ಲಾಪ್ಟನ್ ಮತ್ತು ಡುವೇನ್ ಆಲ್ಮನ್ ಬಳಸಿದ್ದು ಇಂಥ ಪುಟ್ಟ ಚಾಂಪ್‌ಗಳನ್ನೇ. ಕೇಳುಗರಿಗೆ ಅದು ಭಾರೀ ಧ್ವನಿ. ಇಲ್ಲಿಂದ ‘ಸರಳವಾದದ್ದೇ ಶ್ರೇಷ್ಠ’ ಎಂಬ ತೀರ್ಮಾನಕ್ಕೆ ಜಿಗಿಯುವುದು ಸುಲಭ. ಆದರೆ ಹಾಗೆ ಜಿಗಿಯುವಾಗ ಆ ಇಬ್ಬರ ಕೈಗಳನ್ನೂ, ಸ್ಪೀಕರಿನ ಮುಂದಿದ್ದ ಮೈಕನ್ನೂ, ನಿರ್ಮಾಪಕ ಟಾಮ್ ಡೌಡ್ ಅವರ ಕಿವಿಯನ್ನೂ ಮರೆಯುತ್ತೇವೆ. ಅದೇ ಪೆಟ್ಟಿಗೆಯನ್ನು ಮೈಕಿಲ್ಲದೆ ಸಭಾಂಗಣದಲ್ಲಿ ಡ್ರಮ್ಮಿನ ಪಕ್ಕ ಇಟ್ಟರೆ ಅದು ಕೇಳಿಸುವುದೇ ಕಷ್ಟ. ಇನ್ನೊಂದು ತೊಡಕೂ ಇದೆ. ಒಂದೇ ನಾಬ್ ಇರುವುದರಿಂದ ಧ್ವನಿಯ ಬಣ್ಣ ಮತ್ತು ಅದರ ಗಟ್ಟಿತನ ಬೇರ್ಪಡದಂತೆ ಅಂಟಿಕೊಂಡಿರುತ್ತವೆ. ಒಡೆದ ಧ್ವನಿ ಬೇಕೆಂದರೆ ಮನೆಯವರ ನಿದ್ದೆಯೂ ಒಡೆಯಬೇಕು.

ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ತಮ್ಮ ಮೆಸಾ ಬೂಗಿಯಲ್ಲಿ ಬಿಡಿಸಿದ್ದು ಈ ಗಂಟನ್ನೇ. ಮೊದಲು ಚಿಕ್ಕ ಫೆಂಡರ್ ಪೆಟ್ಟಿಗೆಯೊಳಗೆ ದೊಡ್ಡ ಸರ್ಕ್ಯೂಟ್ ತುಂಬಿದ ಅವರು, ಮುಂದೆ ವಾಲ್ವಿನ ಹಂತಗಳನ್ನು ಒಂದರ ಹಿಂದೊಂದು ಜೋಡಿಸಿ, ಕೊನೆಯಲ್ಲಿ ಮಾಸ್ಟರ್ ವಾಲ್ಯೂಮ್ ಇಟ್ಟರು. ಧ್ವನಿ ಎಷ್ಟು ಒಡೆಯಬೇಕು, ಎಷ್ಟು ಗಟ್ಟಿಯಾಗಿರಬೇಕು ಎಂಬುದು ಎರಡು ಬೇರೆ ನಿರ್ಧಾರಗಳಾದವು. 1980ರ ದಶಕದ ಮಾರ್ಕ್ ಮಾದರಿಗಳಲ್ಲಿ ಎಳೆದರೆ ಬೇರೆ ಕೆಲಸ ಮಾಡುವ ನಾಬುಗಳೂ, ಐದು ಪಟ್ಟಿಯ ಈಕ್ವಲೈಸರೂ ಬಂದವು. 1986ರಲ್ಲಿ ಬಂದ ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ನ ಬಿಗಿಯಾದ, ಕತ್ತರಿಸಿದಂಥ ಧ್ವನಿಯ ಹಿಂದೆ ಈ ಬಳಗದ ಆಂಪ್ಲಿಫೈಯರ್ ಇದೆ. ಚಾಂಪ್ ಹಿಡಿದು ಆ ಸಂಗೀತವನ್ನು ಊಹಿಸುವುದೂ ಕಷ್ಟ. ಆದ್ದರಿಂದ ಸೌಲಭ್ಯಗಳೆಲ್ಲ ಬರೀ ಆಡಂಬರ ಎಂಬ ಮಾತು ನಿಲ್ಲುವುದಿಲ್ಲ.

ಆದರೆ ಈ ಪೆಟ್ಟಿಗೆ ಓದುಬರಹ ಕೇಳುತ್ತದೆ. ಮಾರ್ಕ್ ಮಾದರಿಯಲ್ಲಿ ಟ್ರೆಬಲ್, ಬೇಸ್ ನಾಬುಗಳು ಧ್ವನಿ ಒಡೆಯುವ ಹಂತಕ್ಕಿಂತ ಮೊದಲೇ ಬರುತ್ತವೆ. ಟ್ರೆಬಲ್ ಏರಿಸಿದರೆ ಧ್ವನಿ ಚುರುಕಾಗುವುದಷ್ಟೇ ಅಲ್ಲ, ಹೆಚ್ಚು ಒಡೆಯುತ್ತದೆ. ಬೇಸ್ ಏರಿಸಿದರೆ ರಾಡಿಯಾಗುತ್ತದೆ. ಅಲ್ಲಿ ಬೇಸ್ ಇಳಿಸಿ, ಆಮೇಲೆ ಈಕ್ವಲೈಸರಿನಲ್ಲಿ ಅದನ್ನು ಮರಳಿ ತರುವುದು ಬಲ್ಲವರ ಕ್ರಮ. ನಾಬಿನ ಕೆಳಗೆ ಬರೆದಿರುವ ಹೆಸರನ್ನು ನಂಬಿ ತಿರುಗಿಸುತ್ತ ಹೋದವರು ಎಲ್ಲವೂ ಇದ್ದ ಪೆಟ್ಟಿಗೆಯಿಂದ ಏನೂ ಸಿಗದೆ ಎದ್ದುಬರುತ್ತಾರೆ.

1990ರ ದಶಕದಲ್ಲಿ ಡಿಜಿಟಲ್ ಮಾಡೆಲಿಂಗ್ ಬಂದ ಮೇಲೆ ಆಯ್ಕೆಗೆ ಲಗಾಮೇ ಇಲ್ಲವಾಯಿತು. ಚಾಂಪ್, ಬೂಗಿ ಎರಡರ ಅನುಕರಣೆಯೂ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತದೆ. ಇಲ್ಲಿ ಪೆಟ್ಟಿಗೆಗಿಂತ ದೊಡ್ಡ ಸಮಸ್ಯೆ ಕಿವಿಯದು. ಧ್ವನಿ ಮೆಲ್ಲಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳೂ ತೀರ ಮೇಲಿನವೂ ಮಂಕಾಗಿ ಕೇಳಿಸುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಕೋಣೆಯಲ್ಲಿ ಮೆಲ್ಲಗೆ ನುಡಿಸುತ್ತ ಆ ಕೊರತೆ ತುಂಬಿ ಉಳಿಸಿಟ್ಟುಕೊಂಡ ‘ಪರಿಪೂರ್ಣ’ ಟೋನ್, ವೇದಿಕೆಯ ಮೇಲೆ ಗುಡುಗಿ ಕಿರುಚುವುದು ಇದೇ ಕಾರಣಕ್ಕೆ.

ನನ್ನ ತಕರಾರು ಎರಡೂ ಪಕ್ಷಗಳ ಮೇಲಿದೆ. ಸೌಲಭ್ಯದವರು ಆಯ್ಕೆಯನ್ನೇ ಕೇಳ್ಮೆ ಎಂದುಕೊಳ್ಳುತ್ತಾರೆ. ಸರಳತೆಯವರು ಅದನ್ನು ಶೀಲ ಮಾಡಿಕೊಳ್ಳುತ್ತಾರೆ. ಒಮ್ಮೆ ಬಡವರ ಮಕ್ಕಳಿಗೂ ಎಟುಕಲೆಂದು ಮಾಡಿದ ಸರ್ಕ್ಯೂಟನ್ನೇ ಕೈಯಲ್ಲಿ ಬೆಸೆದು ದುಬಾರಿ ಬೆಲೆಗೆ ಮಾರುವವರು ಇಂದು ಇದ್ದಾರೆ. ವಿಮರ್ಶೆ ಕೇಳಬೇಕಾದ ಪ್ರಶ್ನೆ ನಾಬುಗಳ ಲೆಕ್ಕದ್ದಲ್ಲ. ಅರ್ಧ ಗಂಟೆ ಕಳೆದ ಮೇಲೆ ನುಡಿಸುವವರ ಕೈ ಎಲ್ಲಿದೆ, ತಂತಿಯ ಮೇಲೋ ನಾಬಿನ ಮೇಲೋ?

ಕಲಿಯುವವರಿಗೆ ಒಂದು ದಾರಿ ಉಂಟು. ಪೆಟ್ಟಿಗೆ ಯಾವುದೇ ಇರಲಿ, ಎಲ್ಲ ನಾಬುಗಳನ್ನೂ ನಡುವಿಗೆ ತಂದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಕೇಳಿ. ಗಿಟಾರಿನ ಮೇಲೇ ಇರುವ ವಾಲ್ಯೂಮನ್ನು ಮೊದಲು ಬಳಸಿ. ಮುಂದೆ ಎಷ್ಟು ಗಟ್ಟಿಯಾಗಿ ನುಡಿಸುತ್ತೀರೋ ಅಷ್ಟೇ ಗಟ್ಟಿಯಾಗಿ ಇಟ್ಟು, ಬೇರೆ ವಾದ್ಯಗಳ ನಡುವೆ ಕೂತು ಪರೀಕ್ಷಿಸಿ. ಒಂಟಿಯಾಗಿ ಸೊರಗಿದಂತೆ ಕೇಳಿದ ಧ್ವನಿ ಅಲ್ಲಿ ಎಷ್ಟೋ ಸಲ ತನ್ನ ಜಾಗ ಕಂಡುಕೊಳ್ಳುತ್ತದೆ.