ಗ್ಯಾಪು, ಟೈಮಿಂಗು, ಪ್ಲಗ್ಗು

ಜುಲೈ ಎರಡನೇ ಭಾನುವಾರ ಹತ್ತಿರ ಬಂತೆಂದರೆ ಜಾವಾ, ಯೆಜ್ಡಿ ಸಾಕಿಕೊಂಡವರಿಗೆಲ್ಲ ಹಬ್ಬದ ಗಡಿಬಿಡಿ. ಟ್ಯಾಂಕಿಗೆ ಪಾಲಿಶ್, ಸೈಲೆನ್ಸರಿಗೆ ಹೊಸ ಕ್ರೋಮ್. ಜಾವಾ ದಿನದ ಬೆಳಿಗ್ಗೆ ನೋಡಿದರೆ ಅರ್ಧ ಮಂದಿ ಕಿಕ್ ಹೊಡೆದು ಸುಸ್ತಾಗಿ ಕಾರ್ಬುರೇಟರಿಗೆ ಬೈಯುತ್ತಿರುತ್ತಾರೆ. ಪಾಪ, ಅದರ ತಪ್ಪೇನೂ ಇರುವುದಿಲ್ಲ. ಬಲಗಡೆಯ ಕವರ್ ಬಿಚ್ಚಿ, ಡೈನಮೊ ತುದಿಯಲ್ಲಿ ಕೂತಿರುವ ಪಾಯಿಂಟ್ ನೋಡಿ.

1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಗಾಡಿಗಳೆಲ್ಲ ಟೂ ಸ್ಟ್ರೋಕ್. ಹಳೆಯ 250 ಸಿ.ಸಿ. ಜಾವಾದಲ್ಲಿ 6 ವೋಲ್ಟಿನ ಬ್ಯಾಟರಿ, ಡೈನಮೊ, ಕಾಯಿಲ್, ಕಂಡೆನ್ಸರ್, ಪಾಯಿಂಟ್. ಕಿಡಿಯ ಸಂಸಾರ ಇಷ್ಟೇ. ಪಾಯಿಂಟ್ ಬಾಯಿ ಬಿಟ್ಟ ಕ್ಷಣ ಪ್ಲಗ್ಗಿನಲ್ಲಿ ಕಿಡಿ. ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆದು ಕಿಡಿ ಮುಂದಾಗುತ್ತದೆ. ಕ್ಯಾಮ್ ಉಜ್ಜುವ ಫೈಬರ್ ಸವೆದರೆ ಗ್ಯಾಪ್ ತಗ್ಗಿ ಕಿಡಿ ತಡವಾಗುತ್ತದೆ. ಆದ್ದರಿಂದ ಮೊದಲು 0.4 ಮಿ.ಮೀ. ಗ್ಯಾಪ್, ಪ್ಲೇಟ್ ತಿರುಗಿಸಿ ಟೈಮಿಂಗ್ ಕಟ್ಟುವುದು ಆಮೇಲೆ. ಟೈಮಿಂಗ್ ಆದ ಮೇಲೆ ಗ್ಯಾಪನ್ನು ಒಂದಿಷ್ಟು ಮುಟ್ಟಿದಿರೋ, ಮತ್ತೆ ಮೊದಲಿಂದ ಶುರು.

ಟೈಮಿಂಗಿಗೆ ಪ್ಲಗ್ ತೂತಿನಲ್ಲಿ ರೀಫಿಲ್ ಇಳಿಸಿ ಕಣ್ಣಳತೆಯಲ್ಲಿ ಮುಗಿಸುವ ಮೇಸ್ತ್ರಿಗಳಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಪಿಸ್ಟನ್ ತೀರ ಮೇಲೆ ಬಂದಾಗ ಕ್ರ್ಯಾಂಕ್ ಹಲವು ಡಿಗ್ರಿ ತಿರುಗಿದರೂ ಅದು ಅಲುಗಿದಂತೆಯೇ ಕಾಣುವುದಿಲ್ಲ. ನಿಜವಾದ ತುದಿ ಯಾವುದೆಂದು ರೀಫಿಲ್ ಹೇಳಲಾರದು. ಡಯಲ್ ಗೇಜ್ ಕೊಳ್ಳಿ. ಪಾಯಿಂಟಿಗೆ ಅಡ್ಡಲಾಗಿ ಸಣ್ಣ ಬಲ್ಬ್ ಕಟ್ಟಿ ಕೀ ಆನ್ ಮಾಡಿದರೆ, ತೆರೆದ ಕ್ಷಣಕ್ಕೆ ಸರಿಯಾಗಿ ಹತ್ತುತ್ತದೆ.

ಇನ್ನು ಬಿಡಿಭಾಗ. ಹೆಡ್‌ಲೈಟ್ ಮಂಕೆಂದು ಗಾಡಿಯನ್ನು 12 ವೋಲ್ಟಿಗೆ ಬದಲಿಸಿ, ಕಾಯಿಲ್ ಮಾತ್ರ ಹಳೆಯದೇ ಉಳಿಸುವವರುಂಟು. ದುಪ್ಪಟ್ಟು ಕರೆಂಟ್ ಹರಿದು ಪಾಯಿಂಟ್ ಸುಡುತ್ತದೆ, ಕಾಯಿಲ್ ಕಾದು ಕೂರುತ್ತದೆ. ಕಂಡೆನ್ಸರ್ ಇನ್ನೂ ಕಳ್ಳ. ಬ್ರಾಕೆಟ್ಟಿಗೆ ಕೂತಿತು ಎಂದಮಾತ್ರಕ್ಕೆ ಸರಿಹೊಂದಿತು ಎಂದಲ್ಲ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಗುಬ್ಬಿ ಎದ್ದಿದ್ದರೆ ಮೊದಲ ಅನುಮಾನ ಅದರ ಮೇಲೆ. ಡಬ್ಬಿಯಿಂದ ಈಗಷ್ಟೇ ತೆಗೆದ ಹೊಸ ಮಾಲಾದರೂ ಸರಿಯೇ. ದಿನಾ ಓಡಿಸುವ ಗಾಡಿಗೆ ಎಲೆಕ್ಟ್ರಾನಿಕ್ ಕಿಟ್ ಹಾಕುವವರೊಡನೆ ನನಗೆ ಜಗಳವಿಲ್ಲ. ಪ್ರದರ್ಶನಕ್ಕೆ ನಿಲ್ಲಿಸುವ ಗಾಡಿಗೆ ಹಾಕಿದರೆ ಇದೆ.

ಪ್ಲಗ್ಗಿನಲ್ಲಿ ಮೋಸಹೋಗುವವರು ಹೆಚ್ಚಾಗಿ ಅನುಭವಸ್ಥರೇ. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿಯ ಹಳೆಯ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ: ಡಬ್ಲ್ಯು 145ಕ್ಕಿಂತ 175 ತಣ್ಣಗೆ, 225 ಇನ್ನೂ ತಣ್ಣಗೆ. ಮೈಕೋದ ಮಾತೃಸಂಸ್ಥೆ ಬಾಷ್ ಆಮೇಲೆ ಅಂಕಿಯನ್ನೇ ತಿರುಗಿಸಿತು. ಹಳೆಯ 175ರ ಜಾಗಕ್ಕೆ ಬಂದದ್ದು 7; ಅಲ್ಲಿಂದ 8 ಬಿಸಿ, 5 ತಣ್ಣಗೆ. ಹಳೇ ಲೆಕ್ಕದಲ್ಲಿ ತಣ್ಣನೆಯದೆಂದು 8 ಹಾಕಿಸಿಕೊಂಡು, ಏಪ್ರಿಲ್ ಬಿಸಿಲಲ್ಲಿ ಮೈಸೂರು ರಸ್ತೆ ಹಿಡಿದು ಥ್ರಾಟಲ್ ಪೂರ್ತಿ ತಿರುವಿದರೆ ಪಿಸ್ಟನ್ ತಲೆಗೇ ತೂತು ಬೀಳಬಹುದು. ಎನ್‌ಜಿಕೆ ಮಾತ್ರ ಇಂದಿಗೂ ಹಳೆಯ ಮೈಕೋ ದಾರಿಯಲ್ಲೇ ಇದೆ. ಅಲ್ಲಿ 6ಕ್ಕಿಂತ 7 ತಣ್ಣಗೆ.