ಶಾಕಂಭರಿಯ ಆಖ್ಯಾನವೂ ವನಪ್ರತಿಜ್ಞೆಗಳೂ

ಬಾದಾಮಿಗೆ ಸಮೀಪದ ಚೊಳಚಗುಡ್ಡದ ಬಳಿ ನೆಲಸಿರುವ ಬನಶಂಕರಿಯು ಶಾಕಂಭರಿಯೆಂದೇ ಆರಾಧಿಸಲ್ಪಡುವಳು. ‘ಬನ’ವು ‘ವನ’ದ ತದ್ಭವ; ಪುಷ್ಯಮಾಸದ ಜಾತ್ರೆಯ ಕಾಲಕ್ಕೆ ಪಲ್ಲೇದ ಹಬ್ಬದಲ್ಲಿ ದೇವಿಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುವುದು. ಹೆಸರಿನಲ್ಲಿ ಕಾಡೂ ಪೂಜೆಯಲ್ಲಿ ಶಾಕವೂ ಇರುವ ಈ ದೇವಿಯ ಕಥೆಯನ್ನು ಇಂದಿನ ವನಪ್ರತಿಜ್ಞೆಗಳಿಗೆ ಮಂಗಳಾಚರಣೆಯಾಗಿ ಬಳಸುವುದು ಬಹು ಸುಲಭ. ಮರ ನೆಟ್ಟಲ್ಲಿ ಹೊಗೆಯ ದೋಷವೆಲ್ಲ ತೀರುವುದೆಂಬ ಅರ್ಥವನ್ನು ಆ ಕಥೆ ತಾಳಬಲ್ಲುದೇ ಎಂಬುದು ವಿಚಾರಣೀಯವಾಗಿದೆ.

ದೇವೀಮಾಹಾತ್ಮ್ಯದ ಹನ್ನೊಂದನೆಯ ಅಧ್ಯಾಯದಲ್ಲಿ, 100 ವರ್ಷಗಳ ಅನಾವೃಷ್ಟಿಯೊದಗಿದಾಗ ತನ್ನ ದೇಹದಿಂದಲೇ ಹುಟ್ಟಿದ ಶಾಕಗಳಿಂದ ಲೋಕವನ್ನು ಪೊರೆಯುವೆನೆಂದು ದೇವಿಯು ಅಭಯವೀಯುವಳು. ಎಷ್ಟು ಕಾಲ? ಮಳೆ ಬರುವವರೆಗೆ. ಓದುವವರು ಸಾಮಾನ್ಯವಾಗಿ ದಾಟಿಹೋಗುವ ಈ ಅವಧಿವಚನದಲ್ಲಿಯೇ ಕಥೆಯ ಜೀವವಿದೆ. ಶಾಕವು ಪ್ರಾಣಧಾರಣೆಗೆ ಸಾಧನವೇ ಹೊರತು ಮಳೆಯ ಸ್ಥಾನಕ್ಕೆ ಬಂದು ಕುಳಿತುದಲ್ಲ.

ಮೀಮಾಂಸಕರ ಪ್ರತಿನಿಧಿವಿಚಾರವೂ ಇದನ್ನೇ ಬೇರೊಂದು ಬಗೆಯಿಂದ ಹೇಳುವುದು. ಸೋಮಲತೆ ದೊರೆಯದಿದ್ದಲ್ಲಿ ಪೂತಿಕಕ್ಕೆ ಅನುಮತಿಯುಂಟು. ಸೋಮವು ಕೈಯಲ್ಲಿರಲು ಪೂತಿಕವನ್ನು ಹಿಂಡುವವನಿಗೆ ಇಲ್ಲ. ಮುಖ್ಯಕಲ್ಪಕ್ಕೆ ಶಕ್ತನಾಗಿದ್ದೂ ಅನುಕಲ್ಪದಿಂದ ನಡೆಯುವವನಿಗೆ ಫಲವಿಲ್ಲವೆಂಬುದು ಮನುವಿನ ಮತ. ಪ್ರಕೃತದಲ್ಲಿ ಕಲ್ಲಿದ್ದಲು ಕಲ್ಲೆಣ್ಣೆಗಳನ್ನು ಸುಡದಿರುವುದು ಮುಖ್ಯಕಲ್ಪ. ಸುಟ್ಟ ಬಳಿಕ ಗಾಳಿಯಲ್ಲಿನ ಇಂಗಾಲವನ್ನು ಮರದಲ್ಲಿಯೂ ಮಣ್ಣಿನಲ್ಲಿಯೂ ಅಡಗಿಸುವುದು ಅನುಕಲ್ಪ. ಸಿಮೆಂಟಿನ ಭಟ್ಟಿ, ಬತ್ತದ ಗದ್ದೆ, ದನಕರುಗಳ ಉಸಿರು ಇವುಗಳಿಂದ ಹೊರಡುವ ಅನಿಲಗಳನ್ನು ಪೂರ್ತಿಯಾಗಿ ನಿಲ್ಲಿಸಲಾಗದೆಂದು ಪೂರ್ವಪಕ್ಷಿಯು ಹೇಳಿದರೆ ಅದು ಒಪ್ಪತಕ್ಕುದೇ. ಅಲ್ಲಿ ಪೂತಿಕಕ್ಕೆ ಎಡೆಯುಂಟು. ಆದರೆ ‘ನಿವ್ವಳ ಶೂನ್ಯ’ವೆಂಬ ಒಂದೇ ಮಾತಿನಲ್ಲಿ ತಗ್ಗಿಸಿದುದನ್ನೂ ಹೀರಿದುದನ್ನೂ ಕೂಡಿಸಿ ಬರೆದುಬಿಟ್ಟರೆ ಯಾವುದು ಸೋಮ, ಯಾವುದು ಪೂತಿಕ ಎಂಬ ವಿವೇಕವೇ ಅಳಿಸಿಹೋಗುವುದು.

ಈ ಎರಡು ಸಮವೆಂಬ ಲೆಕ್ಕವೂ ಪರೀಕ್ಷೆಗೆ ನಿಲ್ಲದು. ಭೂಗರ್ಭದ ಇಂಗಾಲವು ಕೋಟ್ಯಂತರ ವರ್ಷಗಳಿಂದ ಅಲ್ಲಿ ಅಡಗಿದ್ದುದು. ಮರದಲ್ಲಿ ಸೇರಿದುದಾದರೋ ಕಾಳ್ಗಿಚ್ಚಿಗೆ, ಬರಕ್ಕೆ, ಕೊಡಲಿಗೆ ಅಧೀನ. ಬೆಳೆಯುವ ಮರ ಹೀರುವಷ್ಟನ್ನು ಮುಪ್ಪಾದ ಕಾಡು ಹೊಸದಾಗಿ ಹೀರದು. ಮಣ್ಣೂ ಕೆಲವು ದಶಕಗಳಲ್ಲಿ ತುಂಬಿ ನಿಲ್ಲುವುದು, ಉಳುಮೆ ಬದಲಾದರೆ ಕೂಡಿಟ್ಟುದನ್ನು ಬಿಟ್ಟುಕೊಡುವುದು.

ಇನ್ನು ನೆಲದ ಮಾತು. ಹೆಚ್ಚುವರಿ ಅರಣ್ಯ ಮತ್ತು ಮರಗಳಿಂದ 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದುದನ್ನು ಹೀರಿಸುವುದಾಗಿ ಭಾರತವು 2015ರಲ್ಲಿ ಪ್ರತಿಜ್ಞೆ ಮಾಡಿತು. ಇಂಥ ಪ್ರತಿಜ್ಞೆಗಳನ್ನು ಓದುವಾಗ ಮೊದಲು ಕೇಳತಕ್ಕುದು, ಯಾರ ನೆಲದಲ್ಲಿ ಎಂದು. ಬೃಹತ್ಪ್ರಮಾಣದ ನೆಡುತೋಪುಗಳೂ ಇಂಧನದ ಬೆಳೆಗಳೂ ಅನ್ನದ ನೆಲದೊಡನೆ ಸ್ಪರ್ಧಿಸಬಹುದೆಂದು ಹವಾಮಾನ ಬದಲಾವಣೆಯ ಅಂತರಸರ್ಕಾರೀ ಮಂಡಲಿಯು 2019ರ ತನ್ನ ಭೂವರದಿಯಲ್ಲಿ ಎಚ್ಚರಿಸಿದೆ. ‘ಬಂಜರು’ ಎಂಬುದು ಕಡತದ ಶಬ್ದ. ಕುರಿ ಮೇಯಿಸುವವನಿಗೆ ಅದು ಹುಲ್ಲು, ಒಲೆ ಹೊತ್ತಿಸುವವಳಿಗೆ ಕಟ್ಟಿಗೆ.

ಕರ್ನಾಟಕವು ಇದನ್ನು ಒಮ್ಮೆ ಕಂಡಿದೆ. 1984ರಲ್ಲಿ ಸರ್ಕಾರವು ಹರಿಹರದ ನಾರಿನ ಕಾರ್ಖಾನೆಯೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯನ್ನು ಸ್ಥಾಪಿಸಿ, ನೀಲಗಿರಿ ಮುಂತಾದ ಮರಗಳನ್ನು ಬೆಳೆಸಲು ಸುಮಾರು 30,000 ಹೆಕ್ಟೇರ್ ನೆಲವನ್ನು ಗೊತ್ತುಮಾಡಿತು. 1987ರ ನವೆಂಬರಿನಲ್ಲಿ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ, ಜನರು ಆ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದವನ್ನು ನೆಟ್ಟರು. ಅದಕ್ಕೆ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹವೆಂದು ಹೆಸರು. ಆ ಸೀಮೆಯಲ್ಲಿ ‘ಹಚ್ಚು’ ಎಂದರೆ ನೆಡು, ದೀಪ ಹಚ್ಚುವುದಲ್ಲ. 1991ರಲ್ಲಿ ಸಂಸ್ಥೆ ಮುಚ್ಚಿತು. ಅಲ್ಲಿ ಬೇಕಾಗಿದ್ದುದು ನಾರಿಗೆ ಮರ, ಇಂಗಾಲಕ್ಕಲ್ಲ. ಆದರೆ ಮೇವಿನ ನೆಲವನ್ನು ಕಳೆದುಕೊಳ್ಳುವವನಿಗೆ ಆ ಭೇದದಿಂದ ಲಾಭವೇನು?

ಬನಶಂಕರಿಯ ಸುತ್ತಣ ಜೋಳದ ಸೀಮೆ ಮಳೆಗೆ ಬಡದು. ಅಲ್ಲಿ ಹೊಲಕ್ಕೆ ಒಡ್ಡು ಹಾಕಿ, ಕೊಟ್ಟಿಗೆಯ ಗೊಬ್ಬರ ಕೂಡಿಸಿ, ಗುಡ್ಡದ ಕುರುಚಲನ್ನು ಕಡಿಯದೆ ಉಳಿಸಿದಲ್ಲಿ ತೇವವೂ ಮೇವೂ ಹೆಚ್ಚುವುವು, ಸ್ವಲ್ಪ ಇಂಗಾಲವೂ ನಿಲ್ಲುವುದು. ಈ ಕೆಲಸಕ್ಕೆ ಅದರದೇ ಫಲವುಂಟು. ದೂರದ ಚಿಮಣಿಯೊಂದರ ಖಾತೆಗೆ ಅದನ್ನು ಜಮೆ ಮಾಡಿಕೊಳ್ಳಲು ಆಖ್ಯಾನದಲ್ಲಿ ಆಧಾರವಿಲ್ಲ.